ಸಹಿ ಪಕ್ಕದ ಮೂಲೆ

ಬಂಗಾರಪೇಟೆಯಲ್ಲಿ ನನ್ನದೊಂದು ಕಟ್ಟು ಹಾಕುವ ಅಂಗಡಿ ಇದೆ. ಮುಂದೆ ಗಾಜು, ಹಿಂದೆ ರಟ್ಟು, ಸುತ್ತ ಮರದ ಪಟ್ಟಿ, ನೇತು ಹಾಕಲು ಮೇಲೊಂದು ಬಳೆ, ಇಷ್ಟೇ ಕಸುಬು. ಮಾವನಿಂದ ಬಂದದ್ದು. ನನ್ನ ಗಂಡನಿಗೆ ಗಾಜು ಕಂಡರೆ ಆಗದು, ಹಸು ಕಂಡರೆ ಪ್ರಾಣ. ಹಾಗಾಗಿ ಅವರು ಕ್ಯಾಸಂಬಳ್ಳಿ ಪಕ್ಕದ ನಮ್ಮ ಊರಿನಲ್ಲಿ ರಾಗಿ, ಹಸು ನೋಡಿಕೊಳ್ಳುತ್ತಾರೆ, ನಾನು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಸ್ಕೂಟಿ ಹತ್ತಿ ಅಂಗಡಿಗೆ ಬರುತ್ತೇನೆ. ಕಟ್ಟು ಹಾಕಿಸಲು ಬರುವವರಲ್ಲಿ ಎರಡೇ ಜಾತಿ, ದೇವರನ್ನು ತರುವವರು ಮತ್ತು ಸತ್ತವರನ್ನು ತರುವವರು ಎಂದು ಮಾವ ಹೇಳುತ್ತಿದ್ದರು. ಬದುಕಿರುವವರಿಗೆ ಈಗ ಮೊಬೈಲೇ ಸಾಕು.

ಪಕ್ಕದ ಚಿನ್ನದ ಗಣಿ ಮುಚ್ಚಿದ ಮೇಲೆ ಮೂರನೆಯ ಜಾತಿಯೊಂದು ಶುರುವಾಯಿತು. ಇವರು ಕೋರಮಂಡಲ್, ಮಾರಿಕುಪ್ಪಂ ಕಡೆಯ ಲೈನ್ ಮನೆಗಳಿಂದ, ಅಂದರೆ ಗಣಿ ಕೂಲಿಗಳ ಸಾಲುಮನೆಗಳಿಂದ, ಹಳೆಯ ತೇಗದ ಕಟ್ಟು ಹೊತ್ತು ತರುತ್ತಾರೆ. ಅಂಥ ಮರ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಒಳಗಿರುವುದನ್ನು ತೆಗೆದು ಇದನ್ನು ಹಾಕಿ ಕೊಡಿ ಎಂದು ಮಗುವಿನದೋ ಮದುವೆಯದೋ ಒಂದು ಹೊಸ ಫೋಟೋ ಕೈಗಿಡುತ್ತಾರೆ. ಮೊದಲ ಸಲ ಹಾಗೆ ಬಂದ ಕಟ್ಟಿನ ಮೊಳೆ ಕಿತ್ತು, ರಟ್ಟು ಸರಿಸಿ, ಒಳಗಿದ್ದ ಕಾಗದವನ್ನು ಹೊರಗೆಳೆದಾಗ ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಟೈಪು ಮಾಡಿದ ಇಂಗ್ಲಿಷ್ ಪತ್ರ. ಮೇಲೆ ಸಿಂಹದ ಮುದ್ರೆ. ಕೆಳಗೆ ನೀಲಿ ಶಾಯಿಯ ಸಹಿ. ಆ ಸಹಿ ನನಗೆ ಗೊತ್ತಿತ್ತು. ಶಾಲೆಯ ಗೋಡೆ ಮೇಲೆ ಸಾಲಾಗಿ ತೂಗುಹಾಕಿರುವ ದೇಶದ ನಾಯಕರಲ್ಲಿ ಒಬ್ಬರದು ಅದು, ನಮ್ಮ ಪಾಠದ ಪುಸ್ತಕದಲ್ಲಿ ಅವರ ಚಿತ್ರದ ಕೆಳಗೂ ಅಚ್ಚಾಗಿತ್ತು. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಅಂಗಡಿ ಮುಂದೆ ಜಾತ್ರೆ ಸೇರುತ್ತದೆ.

ಕಟ್ಟು ತಂದಿದ್ದ ಮನುಷ್ಯ ಆ ಕಾಗದದ ಕಡೆ ತಿರುಗಿಯೂ ನೋಡದೆ ‘ಅದು ಬಿಸಾಕಿ ಅಕ್ಕ’ ಅಂದ. ನಮ್ಮಪ್ಪ ಒಂದು ಪಹಣಿಗೆ ಗುಮಾಸ್ತನ ಸಹಿ ಬೀಳಲೆಂದು ಚಪ್ಪಲಿ ಸವೆಸಿದವನು. ಇಲ್ಲಿ ನೋಡಿದರೆ ದೇಶ ಆಳಿದವರ ಸಹಿ ಹಳೇ ರಟ್ಟಿನ ಜೊತೆ ಕಸಕ್ಕೆ ಹೋಗುತ್ತಿದೆ. ಬಿಸಾಡಲಿಲ್ಲ. ಆ ಮನುಷ್ಯ ಅತ್ತ ಹೋದ ಮೇಲೆ ಅದಕ್ಕೊಂದು ಕಟ್ಟು ಹಾಕಿ ನನ್ನ ಕುರ್ಚಿಯ ಹಿಂದಿನ ಗೋಡೆಗೆ ತಗುಲಿಸಿದೆ.

ಹುಚ್ಚು ಹಿಡಿದದ್ದು ಹಾಗೆ. ಆಮೇಲೆ ಹಳೇ ಕಟ್ಟು ತಂದವರನ್ನೆಲ್ಲ ಕೇಳತೊಡಗಿದೆ, ಮನೆಯಲ್ಲಿ ಇಂಥ ಕಾಗದ ಇನ್ನೂ ಉಂಟಾ ಎಂದು. ಚಿನ್ನ ಬೆಳೆದ ಊರಲ್ಲವೇ, ದೊಡ್ಡವರು ಬಂದು ಹೋಗುತ್ತಿದ್ದರು, ಹೋದ ಮೇಲೆ ನಾಲ್ಕು ಸಾಲು ಬರೆದು ಕಳಿಸುತ್ತಿದ್ದರು. ಫುಟ್‌ಬಾಲ್ ತಂಡಕ್ಕೆ ಹಳೆಯ ಮುಖ್ಯಮಂತ್ರಿಯೊಬ್ಬರ ಶುಭಾಶಯ ಸಿಕ್ಕಿತು. ಬ್ಯಾಂಡ್ ಸೆಟ್ಟಿನವರ ಮನೆಯಿಂದ ರಾಷ್ಟ್ರಪತಿಯೊಬ್ಬರ ಪತ್ರ ಬಂತು. ಸ್ವಾತಂತ್ರ್ಯಕ್ಕೆ ಜೈಲಿಗೆ ಹೋದ ಹಿರಿಯರೊಬ್ಬರು ಇಲ್ಲಿ ಉಂಡ ಊಟಕ್ಕೆ ಕೃತಜ್ಞತೆ ಹೇಳಿದ ಅರ್ಧ ಹಾಳೆಯೂ ಬಂತು. ಆದರೆ ಶಾಲೆಯ ಗೋಡೆಯ ಆ ನಾಯಕರದ್ದು ಮಾತ್ರ ಒಂದಾದ ಮೇಲೊಂದು ಸಿಗುತ್ತಲೇ ಹೋಯಿತು. ಎಂಥಾ ಪ್ರೀತಿಯಪ್ಪಾ ಆ ಪುಣ್ಯಾತ್ಮರಿಗೆ ನಮ್ಮ ಗಣಿಯವರ ಮೇಲೆ, ಎಷ್ಟು ಸಲ ಬರೆದಿದ್ದಾರೆ ಎಂದು ಬಂದವರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದೆ.

ಒಂದು ವಿಚಿತ್ರವಿತ್ತು. ಅವರ ಪತ್ರ ಯಾವುದು ಬಂದರೂ ಸಹಿ ಪಕ್ಕದ ಕೆಳಮೂಲೆ ಇರುತ್ತಿರಲಿಲ್ಲ. ಬರಹಕ್ಕೆ, ಸಹಿಗೆ ಏನೂ ಆಗಿರುತ್ತಿರಲಿಲ್ಲ, ಖಾಲಿ ಮೂಲೆ ಮಾತ್ರ ಹೋಗಿರುತ್ತಿತ್ತು. ಇಲಿ ಕಡಿದಿದೆ ಎಂದುಕೊಂಡೆ. ಕೋರಮಂಡಲ್ ಇಲಿಗಳಿಗೆ ಅಕ್ಷರ ಬರುತ್ತೆ, ಸಹಿ ಬಿಟ್ಟು ಪಕ್ಕದ್ದು ತಿನ್ನುತ್ತವೆ ಎಂದು ಗಿರಾಕಿಗಳನ್ನು ನಗಿಸುತ್ತಿದ್ದೆ. ಅವರೂ ನಗುತ್ತಿದ್ದರು.

ಮೂಲೆ ಕೂಡಿಸುವ ವಿದ್ಯೆ ಮಾವ ಕಲಿಸಿದ್ದು. ದೇವರ ಪಟಗಳು ಹರಿದು ಬರುತ್ತಿದ್ದಾಗ ಅವರು ಹಳೆಯ ಪುಸ್ತಕದ ಖಾಲಿ ಹಾಳೆಯಿಂದ ತುಂಡು ಕತ್ತರಿಸಿ, ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಬಣ್ಣ ಹೊಂದಿಸಿ, ಮೈದಾ ಅಂಟಿನಿಂದ ಕೂಡಿಸಿ, ಮೇಲೆ ಬಟ್ಟೆ ಹಾಸಿ ಇಸ್ತ್ರಿ ಎಳೆಯುತ್ತಿದ್ದರು. ಬೆಳಕಿಗೆ ಹಿಡಿದರೆ ಮಾತ್ರ ಗೊತ್ತಾಗಬೇಕು, ಇಲ್ಲದಿದ್ದರೆ ಅದು ಕೆಲಸವೇ ಅಲ್ಲ ಅನ್ನುತ್ತಿದ್ದರು. ನಾನು ಆ ನಾಯಕರ ಪತ್ರಗಳಿಗೆಲ್ಲ ಹಾಗೇ ಮೂಲೆ ಕೂಡಿಸಿದೆ. ನನ್ನ ಕೈಕೆಲಸದ ಮೇಲೆ ನನಗೆ ಸಣ್ಣ ಜಂಬವಲ್ಲ, ದೊಡ್ಡ ಜಂಬವೇ ಇತ್ತು.

ಒಂದು ಭಾನುವಾರ ಬೆಂಗಳೂರಿನ ಸಂಗ್ರಹಕಾರರೊಬ್ಬರು ಯಾರಿಂದಲೋ ಕೇಳಿ ರೈಲು ಹತ್ತಿ ಬಂದರು. ಬಿಳಿ ಗಡ್ಡ, ಕೈಯಲ್ಲಿ ಭೂತಗನ್ನಡಿ. ಗೋಡೆಯ ಮುಂದೆ ತುಂಬಾ ಹೊತ್ತು ನಿಂತು ಒಂದೊಂದು ಸಹಿಯನ್ನೂ ಪರೀಕ್ಷಿಸಿದರು. ಬೆಂಗಳೂರಿನಲ್ಲಿ ಒಂದು ಪ್ರದರ್ಶನ ಮಾಡೋಣ, ನಿಮ್ಮ ಗೋಡೆಯನ್ನು ಹಾಗೇ ಅಲ್ಲಿ ತಂದು ನಿಲ್ಲಿಸೋಣ ಅಂದರು. ಮೂಲೆ ಹರಿದ ಪತ್ರಕ್ಕೂ ಇಡಿಯಾದ ಪತ್ರಕ್ಕೂ ಅಜಗಜಾಂತರ ಎಂದೂ ಅಂದರು. ನಾನು ಕೂಡಿಸಿದ ಮೂಲೆಗಳು ಭೂತಗನ್ನಡಿಗೂ ಸಿಕ್ಕಿರಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಅವತ್ತು ರಾತ್ರಿ ಗಂಡನಿಗೆ ಹೇಳಿದೆ, ಪೇಪರಿನಲ್ಲಿ ನನ್ನ ಫೋಟೋ ಬರುತ್ತೆ ನೋಡಿ ಎಂದು. ಅವರು ಹಸುವಿಗೆ ಬೂಸಾ ಕಲಸುತ್ತಾ ಒಂದೇ ಮಾತು ಕೇಳಿದರು.

‘ಅದ್ರಾಗೆ ಏನು ಬರ್ದವ್ರೆ ಅಂತ ಓದಿದ್ಯಾ?’

ನನಗೆ ರೇಗಿತು. ಅವರು ಬರೆದದ್ದೇ ದೊಡ್ಡದು, ಏನು ಬರೆದರೆ ಏನು ಅಂದೆ. ನಿಜ ಹೇಳಬೇಕೆಂದರೆ ನಾನು ಓದಿರಲಿಲ್ಲ. ಪಿಯುಸಿವರೆಗೆ ಕನ್ನಡದಲ್ಲಿ ಓದಿದವಳು, ಇಂಗ್ಲಿಷನ್ನು ಅಕ್ಷರ ಕೂಡಿಸಿ ಕೂಡಿಸಿ ಓದಬಲ್ಲೆ, ಆದರೆ ಕಣ್ಣು ಯಾವಾಗಲೂ ನೇರ ಸಹಿಗೆ ಹೋಗುತ್ತಿತ್ತು. ಎಲ್ಲ ಪತ್ರಗಳೂ ಒಂದೇ ಥರ ಕಾಣುತ್ತಿದ್ದವು. ದೊಡ್ಡವರ ಪತ್ರ ಹಾಗೇ ಇರುತ್ತವೆ ಎಂದುಕೊಂಡಿದ್ದೆ.

ಆ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ ಕೋರಮಂಡಲ್‌ನಿಂದ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ತೇಗದ ಕಟ್ಟು, ಮಗನ ಮದುವೆಯ ಫೋಟೋ. ಗಂಡು ಹೆಣ್ಣು ಹಾರ ಹಾಕಿಕೊಂಡು ನಿಂತಿದ್ದಾರೆ. ಕಟ್ಟು ಬಿಚ್ಚಿದೆ. ಮತ್ತೆ ಅದೇ ನಾಯಕರು. ಈ ಸಲದ ಸಹಿ ಎಲ್ಲಕ್ಕಿಂತ ಚೆನ್ನಾಗಿತ್ತು, ನಿಬ್ಬಿನಿಂದ ಶಾಯಿ ತುಂಬಿ ಇಳಿದಿತ್ತು, ಕೊನೆಯ ಗೀಟು ಬಾಲದ ಹಾಗೆ ಬಲಕ್ಕೆ ಎಳೆದಿತ್ತು. ಎಂದಿನಂತೆ ಇದಕ್ಕೂ ಮೂಲೆ ಇರಲಿಲ್ಲ. ಇದು ಯಾರದು ಎಂದು ಕೇಳಿದೆ. ಅತ್ತೆಯದು, ಮುದುಕಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಅವಳು ಮದುವೆಯ ಫೋಟೋ ಹಾಕಿಸಿಕೊಂಡು ಹೋದಳು. ನಾನು ಆ ಪತ್ರಕ್ಕೂ ಮೂಲೆ ಕೂಡಿಸಿ, ಹೊಸ ಕಟ್ಟು ಹಾಕಿ, ಗೋಡೆಯ ನಟ್ಟನಡುವೆ ತಗುಲಿಸಿದೆ. ಬೆಂಗಳೂರಿನವರಿಗೆ ಅದರ ಫೋಟೋ ಕಳಿಸಿದೆ. ಪ್ರದರ್ಶನದ ಬಾಗಿಲಲ್ಲೇ ಇದನ್ನಿಡೋಣ, ಹಬ್ಬದ ಮರುದಿನ ಬಂದು ತೆಗೆದುಕೊಂಡು ಹೋಗುತ್ತೇನೆ ಅಂದರು.

ಹಬ್ಬ ಅಂದರೆ ಹಿರಿಯರ ಹಬ್ಬ. ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಕಡೆ ಮನೆಯಲ್ಲಿ ಸತ್ತವರ ಫೋಟೋ ಮುಂದೆ ಎಲೆ ಹಾಕಿ, ಅವರಿಗೆ ಏನು ಇಷ್ಟವೋ ಅದನ್ನೆಲ್ಲ ಬಡಿಸಿ ಎಡೆ ಇಡುತ್ತೇವೆ. ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಅವರು ಬಂದು ಉಣ್ಣುವಾಗ ನಾವು ನೋಡಬಾರದು. ನನ್ನ ಕಸುಬಿಗೆ ವರ್ಷದಲ್ಲಿ ಅದೇ ದೊಡ್ಡ ದಿನ. ವರ್ಷವಿಡೀ ಮರೆತಿದ್ದ ಅಪ್ಪನನ್ನು ಅವತ್ತು ಬೆಳಿಗ್ಗೆ ಎಳೆದು ತಂದು, ಗಾಜು ಒಡೆದಿದೆ, ಬೇಗ ಹಾಕಿಕೊಡಿ, ಮನೆಯಲ್ಲಿ ವಡೆ ಆರುತ್ತಿದೆ ಎಂದು ಜೀವ ತಿನ್ನುತ್ತಾರೆ.

ಅಂಥ ದಿನ, ಅಂಗಡಿ ತುಂಬ ಜನ ತಂತಮ್ಮ ಸತ್ತವರನ್ನು ಕಂಕುಳಲ್ಲಿ ಹಿಡಿದು ನಿಂತಿರುವಾಗ, ಒಬ್ಬ ಮುದುಕಿ ಒಳಗೆ ಬಂದಳು. ಗಿಡ್ಡ ಆಳು. ಒಂದು ಕೈಯಲ್ಲಿ ಟವೆಲಿನಲ್ಲಿ ಕಟ್ಟಿದ ಟಿಫನ್ ಕ್ಯಾರಿಯರ್, ಇನ್ನೊಂದು ಕೈಯಲ್ಲಿ ಸುತ್ತಿದ ಬಾಳೆ ಎಲೆ. ಸಾಲು ಗೀಲು ನೋಡದೆ ನೇರ ನನ್ನ ಮೇಜಿಗೆ ಬಂದು ನಿಂತಳು.

‘ನಮ್ ಯಜಮಾನ್ರು ಇಲ್ಲೇ ಅವ್ರಂತೆ ಕಣಮ್ಮ. ಸೊಸೆ ಬುಟ್ಟೋಗವ್ಳೆ. ಎಡೆ ಇಕ್ಬೇಕು.’

ಯಾರೋ ಕಿಸಕ್ಕೆಂದು ನಕ್ಕರು. ನನಗೆ ಗಾಬರಿಯಾಯಿತು. ಇಷ್ಟು ವರ್ಷದಲ್ಲಿ ಯಾರೂ ಗಂಡನನ್ನು ಹುಡುಕಿಕೊಂಡು ನನ್ನ ಅಂಗಡಿಗೆ ಬಂದಿರಲಿಲ್ಲ. ಅಜ್ಜಿಗೆ ತಲೆ ಸರಿಯಿಲ್ಲ ಎಂದುಕೊಂಡು ಸ್ಟೂಲ್ ಕೊಟ್ಟು ಕೂರಿಸಿದೆ, ನೀರು ಕೊಟ್ಟೆ. ಕೂತ ಮೇಲೆ ತೆಲುಗು, ತಮಿಳು, ಕನ್ನಡ ಬೆರೆಸಿ ಅವಳು ಹೇಳಿದ್ದು ನಿಧಾನಕ್ಕೆ ಅರ್ಥವಾಯಿತು. ಮದುವೆಯ ಫೋಟೋ ಹಾಕಿಸಿಕೊಂಡು ಹೋದವಳು ಇವಳ ಸೊಸೆ. ಗಂಡ ಗಣಿಯಲ್ಲಿ ಸತ್ತವನು, ಅವನದೊಂದು ಫೋಟೋ ಎಂಬುದು ಎಂದೂ ಇರಲಿಲ್ಲ. ಇದ್ದದ್ದು ಆ ಕಾಗದ. ಮದುವೆಯಾಗಿ ಬಂದ ಮನೆಯಲ್ಲಿ ಇಷ್ಟು ವರ್ಷವೂ ಹಿರಿಯರ ಹಬ್ಬಕ್ಕೆ ಆ ಕಾಗದದ ಮುಂದೆಯೇ ಎಡೆ ಇಟ್ಟಿದ್ದಾಳೆ. ಇವತ್ತು ಬೆಳಿಗ್ಗೆ ಎದ್ದು ಅಡುಗೆ ಮಾಡಿ, ಎಲೆ ತೊಳೆದು, ಗೋಡೆ ಹತ್ತಿರ ಹೋಗಿ ತಡವಿ ನೋಡಿದರೆ ಕಟ್ಟು ಅದೇ, ಒಳಗೆ ಮೊಮ್ಮಗ ಮತ್ತು ಅವನ ಹೆಂಡತಿ.

‘ಬದುಕಿ ಬಾಳೋ ಮಕ್ಕಳ ಮುಂದೆ ಎಡೆ ಇಕ್ಕಕ್ಕಾಗ್ತದೇನಮ್ಮ?’ ಎಂದು ಕೇಳಿದಳು.

ಸೊಸೆಗೆ ಇದು ಹೊಳೆದಿರಲಿಲ್ಲ. ಮೊಳೆ ಕಿತ್ತು ಫೋಟೋ ಬದಲಿಸಿದ ನನಗೂ ಹೊಳೆದಿರಲಿಲ್ಲ. ಅಜ್ಜಿ ಮನೆಯಲ್ಲಿ ಜಗಳ ಆಡಲಿಲ್ಲವಂತೆ. ಎಲೆ ಸುತ್ತಿಕೊಂಡು, ಅಡುಗೆಯನ್ನು ಕ್ಯಾರಿಯರಿಗೆ ತುಂಬಿಕೊಂಡು ರೈಲಿಗೆ ಬಂದಿದ್ದಾಳೆ. ಹೊತ್ತು ನೆತ್ತಿಗೇರುವ ಮುಂಚೆ ಎಡೆ ಆಗಬೇಕು.

ನಿಮ್ಮ ಕಾಗದ ಇಲ್ಲೇ ಕ್ಷೇಮವಾಗಿದೆ ಎಂದು ನಾನು ಗೋಡೆ ತೋರಿಸಿದೆ. ಅಜ್ಜಿ ಎದ್ದು ಹೋಗಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಒಂದೊಂದು ಕಟ್ಟಿನ ಕೆಳಮೂಲೆಯನ್ನೂ ಬೆರಳಿನಿಂದ ಮುಟ್ಟುತ್ತಾ ಬಂದಳು. ನಟ್ಟನಡುವಿನದನ್ನೂ ಮುಟ್ಟಿ ಮುಂದೆ ಹೋದಳು. ಕೊನೆಯವರೆಗೆ ಹೋಗಿ, ಇಲ್ಲಿಲ್ಲ ಅಂದಳು. ನಾನು ನಡುವಿನದನ್ನು ಮೊಳೆಯಿಂದ ಇಳಿಸಿ ಕೈಗೆ ಕೊಟ್ಟೆ. ಇದೇ ನಿಮ್ಮದು ಅಂದೆ.

‘ಇದಲ್ಲ. ನಂದು ಮೂಲೆ ಅರ್ದಿರೋದು.’

ಓ, ಅದಾ ಎಂದು ನಾನು ನಕ್ಕೆ. ನಾನೇ ಕೂಡಿಸಿದ್ದು ಅಜ್ಜಿ, ಗೊತ್ತೇ ಆಗುವುದಿಲ್ಲ ಅಲ್ಲವಾ ಎಂದೆ. ಭೇಷ್ ಅನ್ನುತ್ತಾಳೆ ಎಂದು ಕಾದೆ. ಅವಳು ಕಟ್ಟನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

‘ಸಾವಿನ ಕಾಗ್ದಾನ ಇಡೀದು ಮಾಡಿ ಇಟ್ಕೊಂಡಿದ್ದೀಯಾ ತಾಯಿ? ನಿನ್ ಮನೇಲಿ ಎಲ್ಲಾ ನೆಟ್ಗವ್ರಾ?’

ಅಂಗಡಿಯಲ್ಲಿ ನಗು ನಿಂತಿತು. ಸಾವಿನ ಕಾಗದದ ಶಾಸ್ತ್ರ ನನಗೆ ಗೊತ್ತಿಲ್ಲದ್ದೇನಲ್ಲ. ಸಾವಿನ ಸುದ್ದಿ ಹೊತ್ತು ಬಂದ ಕಾರ್ಡನ್ನು ನಮ್ಮಮ್ಮ ಹೊಸಲಿನ ಆಚೆಯೇ ಓದಿಸಿ, ಅಲ್ಲೇ ಹರಿದು ಹಾಕಿ, ಕಾಲು ತೊಳೆದು ಒಳಗೆ ಬರುತ್ತಿದ್ದಳು. ಹರಿಯದೆ ಇಟ್ಟರೆ ಇನ್ನೊಂದು ಸಾವನ್ನು ಕರೆದ ಹಾಗೆ. ನಾನು ಆ ಕಾಗದವನ್ನು ಎತ್ತಿ, ಕೈಗೆ ಬಂದು ಇಷ್ಟು ದಿನಗಳಾದ ಮೇಲೆ, ಮೊದಲ ಸಲ ಸಹಿ ಬಿಟ್ಟು ಮೇಲಿನಿಂದ ಓದಿದೆ. ಅಕ್ಷರ ಕೂಡಿಸಿ ಓದಿದರೂ ಮೊದಲ ಸಾಲಿನಲ್ಲೇ ಗೊತ್ತಾಯಿತು. ನಿಮ್ಮ ಪತಿಯ ಮರಣದ ಸುದ್ದಿ ಕೇಳಿ ದುಃಖವಾಯಿತು ಎಂದಿತ್ತು.

ಗಿರಾಕಿಗಳ ಮುಂದೆ ಅಜ್ಜಿ ಹೇಳಿದ್ದು ಇಷ್ಟು. ಒಂದು ದಿನ ಕೆಳಗೆ ಬಂಡೆ ಕುಸಿಯಿತು. ಇಳಿದವರಲ್ಲಿ ಕೆಲವರು ಮೇಲೆ ಬರಲಿಲ್ಲ. ದೇಹವೂ ಸಿಗಲಿಲ್ಲ. ಮಗ ಬರುತ್ತಾನೆ ಎಂದು ಇವಳ ಅತ್ತೆ ದಿನಾ ಅನ್ನ ತೆಗೆದಿಡುತ್ತಿದ್ದಳು, ಇವಳು ಕುಂಕುಮ ಇಡುತ್ತಿದ್ದಳು. ದೇಹವಿಲ್ಲದೆ ಬಳೆ ಒಡೆಯಿರಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಆಮೇಲೆ ದಿಲ್ಲಿಯಿಂದ ಕಾಗದ ಬಂತು. ಓದಿಸಿದರು. ಅತ್ತೆ ಹರಿದು ಹಾಕು ಅಂದಳು. ಗಣಿಯ ಸಂಗಾತಿಗಳು ಬಿಡಲಿಲ್ಲ, ಇಂಥವರ ಸಹಿ ಹರಿಯಬಾರದು, ಕಟ್ಟು ಹಾಕಿಸಬೇಕು ಎಂದು ಹಟ ಹಿಡಿದರು. ಕೊನೆಗೆ ಅತ್ತೆಯೇ ದಾರಿ ಹೇಳಿದಳು. ಅಕ್ಷರವಿಲ್ಲದ ಮೂಲೆಯನ್ನು ಹೆಂಡತಿ ತನ್ನ ಕೈಯಾರೆ ಹರಿಯಲಿ, ಶಾಸ್ತ್ರವೂ ಆಗುತ್ತದೆ, ಸಹಿಯೂ ಉಳಿಯುತ್ತದೆ. ಇವಳು ಬಾಗಿಲಲ್ಲಿ ನಿಂತು ಹರಿದಳು. ಆಮೇಲೆ ಬಳೆ ಒಡೆದರು.

‘ಆ ಮೂಲೆ ಅರ್ದಾಗ್ಲೇ ಕಣಮ್ಮ ಅವ್ರು ಸತ್ತಿದ್ದು. ನೀನು ಅದ್ನ ಮುಚ್ಬುಟ್ಟೆ.’

ನಾನು ಕತ್ತರಿ ತೆಗೆದುಕೊಂಡೆ. ಅಜ್ಜಿ ಕೈ ಹಿಡಿದಳು. ಒಂದು ಸಲ ಹರಿದದ್ದನ್ನು ಇನ್ನೊಂದು ಸಲ ಹರಿಯಬಾರದು, ಕತ್ತರಿಸಲೂ ಬಾರದು. ಅಂಟು ಬಿಡಿಸಬೇಕು, ಅಷ್ಟೆ. ಮೈದಾ ಅಂಟು ಒದ್ದೆ ಬಟ್ಟೆಗೆ ಬಿಡುತ್ತದೆ. ಆದರೆ ಆ ಮೂಲೆ ಸಹಿಯ ಬಾಲಕ್ಕೆ ತಾಗಿಕೊಂಡೇ ಇತ್ತು, ಹಳೆಯ ಶಾಯಿ ನೀರು ಕಂಡರೆ ಓಡುತ್ತದೆ. ಬೆಂಗಳೂರಿನ ಬಾಗಿಲಲ್ಲಿ ಇಡಬೇಕಾದ ಸಹಿ. ಒಂದು ಗಳಿಗೆ ಬಟ್ಟೆ ಹಿಡಿದ ಕೈ ಮುಂದೆ ಹೋಗಲಿಲ್ಲ. ಅಜ್ಜಿ ಗೋಡೆ ಗಡಿಯಾರದ ಕಡೆ ನೋಡಲಿಲ್ಲ, ಅವಳಿಗೆ ಅದು ಕಾಣುವುದೂ ಇಲ್ಲ, ಹೊರಗಿನ ಬಿಸಿಲಿನ ಕಡೆ ತಿರುಗಿ ಹೊತ್ತು ಅಂದಾಜು ಮಾಡುತ್ತಿದ್ದಳು.

ಒದ್ದೆ ಬಟ್ಟೆ ಇಟ್ಟೆ. ಅಂಟು ಮೆತ್ತಗಾಯಿತು. ಚಾಕುವಿನ ತುದಿಯಿಂದ ನನ್ನ ತುಂಡನ್ನು ಎಬ್ಬಿಸುತ್ತಾ ಹೋದೆ. ಅರ್ಧ ಬಂದಿರುವಾಗ ತೇವ ಕಾಗದದೊಳಗೆ ಹರಿದು ಸಹಿಯ ಬಾಲ ಮುಟ್ಟಿತು. ನೀಲಿ ಗೀಟು ನನ್ನ ಕಣ್ಣೆದುರೇ ಅಗಲವಾಗಿ, ತಿಳಿಯಾಗಿ, ಕೊನೆಯ ಎರಡು ಅಕ್ಷರ ಕಲೆಯಾಗಿ ನಿಂತವು. ಅಯ್ಯೋ ಅಂದೆ. ಏನಾಯ್ತು ಎಂದು ಅಜ್ಜಿ ಕೇಳಿದಳು. ಏನಿಲ್ಲ ಅಂದೆ. ತುಂಡು ಪೂರಾ ಬಿಟ್ಟುಕೊಂಡು ಬಂತು. ಅಜ್ಜಿ ಹರಿದ ಅಂಚಿನ ಮೇಲೆ ಬೆರಳು ಎಳೆದಳು. ಆ ಅಂಚು ನೇರವಾಗಿರಲಿಲ್ಲ, ನಡುವೆ ಒಂದು ಕಡೆ ಒಳಕ್ಕೆ ಸೀಳಿತ್ತು. ಅಲ್ಲಿ ಅವಳ ಬೆರಳು ನಿಂತಿತು.

‘ಇದೇ. ಇಲ್ಲಿ ಕೈ ನಡುಗ್ತು’ ಅಂದಳು.

ನಾನು ತೆಗೆದ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು, ಹೊರಗೆ ಹೋಗಿ, ಚೂರು ಚೂರು ಮಾಡಿ ಚರಂಡಿಗೆ ಹಾಕಿ ಬಂದಳು. ನನ್ನ ಮನೆಯವರಿಗೆ ಕೇಡಾಗದಿರಲಿ ಎಂದು. ಅವಳ ಮನೆಯ ಕಾಗದ ಹಾಳು ಮಾಡಿದವಳಿಗೆ ಅವಳು ಮಾಡಿದ್ದು ಇದು.

ಕಾಗದವನ್ನು ಮೇಜಿನ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಅಜ್ಜಿ ಎಲೆ ಹಾಸಿ ಮುದ್ದೆ, ತಲೆಮಾಂಸದ ಸಾರು, ಮಸಾಲೆ ವಡೆ ಬಡಿಸಿದಳು. ಸೆರಗಿನ ಗಂಟಿನಿಂದ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ ತೆಗೆದು ಎಲೆಯ ತುದಿಗಿಟ್ಟಳು. ಗಣಿಗೆ ಇಳಿಯುವಾಗ ಬೀಡಿ ಒಯ್ಯಲು ಬಿಡುತ್ತಿರಲಿಲ್ಲವಂತೆ, ಮೇಲೆ ಬಂದ ಕೂಡಲೇ ಅವನು ಮೊದಲು ಕೇಳುತ್ತಿದ್ದದ್ದು ಅದನ್ನೇ. ಅವಳು ಕೈಮುಗಿದು, ಬಾಗಿಲು ಹಾಕಮ್ಮ ಅಂದಳು.

ವರ್ಷದ ದೊಡ್ಡ ವ್ಯಾಪಾರದ ದಿನ, ನಡುಹಗಲು, ನಾನು ಷಟರ್ ಎಳೆದೆ. ಗಿರಾಕಿಗಳೆಲ್ಲ ತಮ್ಮ ತಮ್ಮ ಅಪ್ಪ ಅಮ್ಮಂದಿರನ್ನು ಎದೆಗವುಚಿಕೊಂಡು ರಸ್ತೆಯಲ್ಲಿ ನಿಂತರು. ಒಬ್ಬರೂ ಗೊಣಗಲಿಲ್ಲ. ಒಳಗೆ ಒಬ್ಬರು ಉಣ್ಣುತ್ತಿರುವಾಗ ಷಟರ್ ತಟ್ಟುವಷ್ಟು ಧೈರ್ಯ ಬಂಗಾರಪೇಟೆಯಲ್ಲಿ ಯಾರಿಗೂ ಇಲ್ಲ.

ಬಿಸಿಲಿಗೆ ಸೆರಗು ಹೊದ್ದು ನಿಂತು ಅಜ್ಜಿ ಸಮಾಧಾನವಾಗಿ ಮಾತಾಡತೊಡಗಿದಳು. ಆವತ್ತು ಪೋಸ್ಟಿನವನು ಇವಳ ಮನೆಗೆ ಮಾತ್ರ ಬಂದಿರಲಿಲ್ಲವಂತೆ. ಲೈನಿನ ಆ ಕೊನೆಯಿಂದ ಈ ಕೊನೆಗೆ, ಗಂಡ ಬಾರದಿದ್ದ ಮನೆ ಮನೆಗೂ ಅಂಥದೇ ಲಕೋಟೆ ಕೊಡುತ್ತಾ ಬಂದನಂತೆ. ಇವಳ ಅತ್ತೆ ಹೇಳಿದ ದಾರಿಯನ್ನೇ ಉಳಿದವರೂ ಹಿಡಿದರು. ಎಲ್ಲ ಹೆಂಡತಿಯರೂ ತಂತಮ್ಮ ಬಾಗಿಲಲ್ಲಿ ನಿಂತು ಒಂದೊಂದು ಮೂಲೆ ಹರಿದರಂತೆ. ನಾನು ಷಟರಿಗೆ ಬೆನ್ನು ಕೊಟ್ಟು, ಒಳಗಿನ ಗೋಡೆಯ ಮೇಲೆ ನಾನು ಮುಚ್ಚಿಬಿಟ್ಟ ಉಳಿದ ಮೂಲೆಗಳನ್ನು ಒಂದೊಂದಾಗಿ ಎಣಿಸತೊಡಗಿದೆ.